ಖಾಲಿ ವ್ಯಾಗನ್ ಮಾತ್ರ ಏಕೆ ಹಳಿ ತಪ್ಪುತ್ತದೆ? ಕಾರ್ಖಾನೆ ಸೈಡಿಂಗ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಈ ಕೈಪಿಡಿ ಒಂದೇ ದೋಷವನ್ನು ಕುರಿತದ್ದು. ತನ್ನದೇ ಲೋಕೋ, ತನ್ನದೇ ಜನ, ತನ್ನದೇ ಹಳಿ ಇಟ್ಟುಕೊಂಡು ಕಾರ್ಖಾನೆಯು ನಡೆಸುವ ಚಿಕ್ಕ ಸೈಡಿಂಗ್‌ನಲ್ಲಿ, ಅಂದರೆ ಮುಖ್ಯ ಮಾರ್ಗದಿಂದ ಕಾರ್ಖಾನೆಗೆ ಕವಲಾಗಿ ಬರುವ ಹಳಿಯಲ್ಲಿ, ತುಂಬಿದ ವ್ಯಾಗನ್‌ಗಳು ಯಾವ ತಕರಾರೂ ಇಲ್ಲದೆ ದಾಟಿದ ಪಾಯಿಂಟಿನ (ಹಳಿ ಎರಡಾಗಿ ಕವಲೊಡೆಯುವ ಜಾಗದ) ಮೇಲೆಯೇ ಖಾಲಿ ವ್ಯಾಗನ್‌ಗಳು ಹಳಿ ತಪ್ಪುತ್ತವೆ. ಎತ್ತಿ ಇಟ್ಟ ಮೇಲೆ ಹದಿನೈದು ದಿನ ಎಲ್ಲವೂ ಸರಿಯಿದ್ದು, ಮತ್ತೆ ಅದೇ ಜಾಗದಲ್ಲಿ ತಪ್ಪುತ್ತವೆ. ಇಂಥ ದೋಷವನ್ನು ಹುಡುಕುವ ಕ್ರಮವನ್ನು, ಹುಬ್ಬಳ್ಳಿ–ಗದಗ ಮಾರ್ಗದ ಪಕ್ಕದ ಎರೆಭೂಮಿಯ ಮೇಲಿರುವ ಒಂದು ಕಾರ್ಖಾನೆಯ ಸೈಡಿಂಗ್‌ನಲ್ಲಿ ನಾನು ಕಲಿತಂತೆ ಇಲ್ಲಿ ಬರೆದಿದ್ದೇನೆ. ಸೈಡಿಂಗ್‌ನ ಉದ್ದ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಐದು ಪಾಯಿಂಟುಗಳು, ಒಂದು ಡೀಸೆಲ್ ಶಂಟಿಂಗ್ ಲೋಕೋ, ಪಾಳಿಗೆ ಪಾಯಿಂಟ್ ಹಾಕುವ ಇಬ್ಬರು ಪಾಯಿಂಟ್ಸ್‌ಮನ್‌ಗಳು, ಹಳಿ ನೋಡಿಕೊಳ್ಳಲು ಆರು ಜನರ ಒಂದು ಗ್ಯಾಂಗ್.

ಮುಖ್ಯ ಮಾರ್ಗದಲ್ಲಿ ಹಳಿಗೆ ಒಂದು ವಿಭಾಗ, ವ್ಯಾಗನ್‌ಗೆ ಇನ್ನೊಂದು, ಸಿಗ್ನಲಿಗೆ ಮತ್ತೊಂದು ವಿಭಾಗವಿದ್ದು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಕಾರ್ಖಾನೆಯ ಸೈಡಿಂಗ್‌ನಲ್ಲಿ ಎಲ್ಲವೂ ನಾಲ್ಕೈದು ಜನರ ಕೈಯಲ್ಲಿರುತ್ತದೆ. ಇದರಿಂದ ಕೆಲಸ ಬೇಗ ಆಗುತ್ತದೆ, ಆದರೆ ಕಾರಣ ಹುಡುಕುವ ಕೆಲಸ ಮಾತ್ರ ಹಿಂದೆ ಬೀಳುತ್ತದೆ. ವ್ಯಾಗನ್ ನಿಂತಷ್ಟು ಹೊತ್ತು ಡೆಮರೇಜ್, ಅಂದರೆ ತಡಕ್ಕೆ ರೈಲ್ವೆಗೆ ಕಟ್ಟಬೇಕಾದ ದಂಡ, ಏರುತ್ತಿರುತ್ತದೆ. ಮೇಲಿನವರಿಗೆ ಮೊದಲು ಗಾಲಿ ಹಳಿಯ ಮೇಲೆ ಬರಬೇಕು. ಗಾಲಿ ಮೇಲೆ ಬಂದ ಕ್ಷಣದಲ್ಲಿ ಅರ್ಧ ಸಾಕ್ಷ್ಯ ಅಳಿಸಿಹೋಗುತ್ತದೆ, ಉಳಿದ ಅರ್ಧವು "ಪಾಯಿಂಟ್ ಸರಿಯಾಗಿ ಹಾಕಿರಲಿಲ್ಲ" ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಮೂರು ಬಾರಿ ಹೀಗೆಯೇ ಆಯಿತು, ಮೂರೂ ಬಾರಿ ಪಾಯಿಂಟ್ಸ್‌ಮನ್‌ನಿಂದ ಲಿಖಿತ ಉತ್ತರ ಕೇಳಲಾಯಿತು. ನಾಲ್ಕನೆಯ ಬಾರಿ ಹೊರೆಯ ಕೆಳಗೆ ಅಳತೆ ಮಾಡಿದಾಗ, ಅವನ ತಪ್ಪು ಒಂದರಲ್ಲೂ ಇರಲಿಲ್ಲವೆಂದು ಗೊತ್ತಾಯಿತು.

ಎತ್ತುವ ಮೊದಲು

ಲೋಕೋವನ್ನು ಬೇರೆ ಮಾಡಿ, ನಿಂತ ವ್ಯಾಗನ್‌ಗಳ ಹ್ಯಾಂಡ್ ಬ್ರೇಕ್ ಬಿಗಿದು, ಗಾಲಿಗಳ ಎರಡೂ ಬದಿಗೆ ಮರದ ಅಡ್ಡೆ ಕೊಟ್ಟು, ಎರಡೂ ಕಡೆ ಕೆಂಪು ಬಾವುಟ ನೆಟ್ಟ ಮೇಲೆಯೇ ಯಾರಾದರೂ ಹಳಿಯ ನಡುವೆ ಕಾಲಿಡಬೇಕು. ಸೇವಾ ನಿಲ್ದಾಣಕ್ಕೆ, ಅಂದರೆ ಸೈಡಿಂಗ್‌ಗೆ ವ್ಯಾಗನ್ ಕೊಟ್ಟು ಪಡೆಯುವ ರೈಲ್ವೆ ನಿಲ್ದಾಣಕ್ಕೆ, ತಕ್ಷಣ ತಿಳಿಸಬೇಕು. ಹಳಿ ಕಾರ್ಖಾನೆಯದಾದರೂ ವ್ಯಾಗನ್ ರೈಲ್ವೆಯದು. ಹಳಿ ತಪ್ಪಿದ ವ್ಯಾಗನ್ನನ್ನು ರೈಲ್ವೆಯ ವ್ಯಾಗನ್ ಪರೀಕ್ಷಕರು, ಅಂದರೆ ಯಾರ್ಡಿನಲ್ಲಿ ಈಗಲೂ ಟಿಎಕ್ಸ್‌ಆರ್ ಎಂದು ಕರೆಯುವವರು, ನೋಡಿ ಒಪ್ಪುವವರೆಗೆ ಅದನ್ನು ರೇಕಿಗೆ, ಅಂದರೆ ವ್ಯಾಗನ್‌ಗಳ ಸಾಲಿಗೆ, ಸೇರಿಸಬಾರದು.

ನಂತರ ಅರ್ಧ ಗಂಟೆ ಬೇಕು, ಅದನ್ನು ಹಟ ಹಿಡಿದಾದರೂ ಪಡೆಯಬೇಕು. ಆ ಅರ್ಧ ಗಂಟೆಯಲ್ಲಿ ಮೊದಲು ಹುಡುಕಬೇಕಾದದ್ದು ಗಾಲಿಯ ಫ್ಲೇಂಜ್ (ಗಾಲಿಯನ್ನು ಹಳಿಯ ಒಳಗೆ ಹಿಡಿದಿಡುವ ಅಂಚು) ಹಳಿಯ ತಲೆಯನ್ನು ಏರಿದ ಜಾಗ. ವ್ಯಾಗನ್ ನಿಂತಿರುವ ಜಾಗ ಅದಲ್ಲ, ಸ್ಲೀಪರ್‌ಗಳ (ಹಳಿಯ ಕೆಳಗಿನ ಅಡ್ಡ ದಿಮ್ಮಿಗಳ) ಮೇಲೆ ಗಾಯ ಕಾಣುವ ಜಾಗವೂ ಅಲ್ಲ. ಅವೆರಡೂ ಮುಂದೆ ಆದದ್ದನ್ನು ಹೇಳುತ್ತವೆ. ಬಿದ್ದ ಗಾಲಿಯಿಂದ ಹಿಂದಕ್ಕೆ ನಡೆದು, ಮೊದಲನೆಯ ಸ್ಲೀಪರ್ ಗಾಯದಿಂದ ಹಳಿಯ ತಲೆಗೆ ಕಣ್ಣೇರಿಸಿ, ಮಂಡಿಯೂರಿ ಕುಳಿತು, ಬೆಳಕನ್ನು ಓರೆಯಾಗಿ ಹಿಡಿದು ನೋಡಿದರೆ, ಹಳಿಯ ಒಳಮಗ್ಗುಲಿನಿಂದ ಹೊರಮಗ್ಗುಲಿಗೆ ಓರೆಯಾಗಿ ಸಾಗಿದ ಒಂದು ಹೊಳೆಯುವ ಗೆರೆ ಕಾಣುತ್ತದೆ. ಅದರ ಆರಂಭವೇ ಏರಿದ ಬಿಂದು. ಅಲ್ಲಿ ಹಳಿಯ ಹೊಟ್ಟೆಗೆ ಬಿಳಿ ಬಣ್ಣದಿಂದ ಸೊನ್ನೆ ಬರೆಯಬೇಕು.

ಆ ಗೆರೆಯ ಉದ್ದವೇ ಬಹಳಷ್ಟು ಹೇಳುತ್ತದೆ. ಗೆರೆ ಉದ್ದವಾಗಿ, ನಿಧಾನವಾಗಿ ಮೇಲೇರಿದ್ದರೆ ಗಾಲಿ ಹಳಿಗೆ ಒತ್ತಿಕೊಂಡೇ ಏರಿದೆ. ಅಡ್ಡ ಒತ್ತಡ ಹೆಚ್ಚಿತ್ತು ಅಥವಾ ಮೇಲಿನ ಭಾರ ಕಡಿಮೆಯಾಗಿತ್ತು ಎಂದರ್ಥ. ಗೆರೆ ಗಿಡ್ಡವಾಗಿದ್ದರೆ ಆ ಗಾಲಿಯ ಮೇಲಿನ ಭಾರ ಬಹುತೇಕ ಹೋಗಿಯೇ ಬಿಟ್ಟಿತ್ತು. ಗೆರೆಯೇ ಇಲ್ಲದಿದ್ದರೆ ಗಾಲಿ ಏರಿಲ್ಲ. ಪಾಯಿಂಟಿನಲ್ಲಿ ಎರಡು ದಾರಿ ಹಿಡಿದಿರಬೇಕು, ಅಥವಾ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅಗಲವಾಗಿ ಒಳಗೆ ಇಳಿದಿರಬೇಕು. ಈ ಕೊನೆಯ ಸಾಧ್ಯತೆಯನ್ನು ಸುಮ್ಮನೆ ಊಹಿಸದೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬ್ರಾಡ್ ಗೇಜ್ 1676 ಮಿಮೀ. ಜೋಡಿ ಗಾಲಿಗಳ ಒಳಮುಖಗಳ ನಡುವಿನ ಅಂತರ 1600 ಮಿಮೀ, ಗಾಲಿಯ ಅಗಲ 127 ಮಿಮೀ, ಎದುರು ಗಾಲಿಯ ಫ್ಲೇಂಜ್ ಪೂರ್ತಿ ಸವೆದು 16 ಮಿಮೀಗೆ ಬಂದಿದ್ದರೂ ಒಟ್ಟು 1743 ಮಿಮೀ ಆಗುತ್ತದೆ. ಅಂದರೆ ಗೇಜ್ 67 ಮಿಮೀ ಅಗಲವಾಗದೆ ಗಾಲಿ ಒಳಗೆ ಬೀಳಲಾರದು. ಹತ್ತು ಮಿಮೀ ಗೇಜ್ ಸಡಿಲವಿದೆ ಎಂದು ತೋರಿಸಿ ಕಡತ ಮುಚ್ಚುವುದನ್ನು ನಾನು ನೋಡಿದ್ದೇನೆ. ಕೊಳೆತ ಮರದ ಸ್ಲೀಪರ್‌ನಲ್ಲಿ ಮೊಳೆಗಳೇ ಕಿತ್ತು ಹಳಿ ಹೊರಗೆ ವಾಲಿದ ಗುರುತು ಇಲ್ಲದಿದ್ದರೆ ಆ ವಿವರಣೆಯನ್ನು ಒಪ್ಪಬಾರದು.

ಗುರುತಿನ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ವ್ಯಾಗನ್ ನಂಬರು, ಖಾಲಿಯೋ ತುಂಬಿದ್ದೋ, ಯಾವ ದಿಕ್ಕಿಗೆ ಹೊರಟಿತ್ತು, ಲೋಕೋ ಎಳೆಯುತ್ತಿತ್ತೋ ತಳ್ಳುತ್ತಿತ್ತೋ, ಮೊದಲು ತಪ್ಪಿದ ಬೋಗಿ (ವ್ಯಾಗನ್ನಿನ ಒಂದೊಂದು ತುದಿಯ ಕೆಳಗಿನ ನಾಲ್ಕು ಗಾಲಿಗಳ ಚೌಕಟ್ಟು) ಯಾವುದು, ಎಡಗಡೆಯೋ ಬಲಗಡೆಯೋ, ಹಳಿ ಒಣಗಿತ್ತೋ ಒದ್ದೆಯೋ, ಇಷ್ಟನ್ನು ಬರೆಯಬೇಕು. ಬೇರೆ ಬೇರೆ ವ್ಯಾಗನ್‌ಗಳು ಒಂದೇ ಜಾಗದಲ್ಲಿ ತಪ್ಪಿದ್ದರೆ ಹಳಿಯನ್ನು ನೋಡಬೇಕು, ಒಂದೇ ವ್ಯಾಗನ್ ಬೇರೆ ಬೇರೆ ಜಾಗದಲ್ಲಿ ತಪ್ಪಿದ್ದರೆ ವ್ಯಾಗನ್ನನ್ನು ನೋಡಬೇಕು. ರೈಲ್ವೆಯ ವ್ಯಾಗನ್‌ಗಳು ದೇಶವೆಲ್ಲ ಸುತ್ತಿ ಬರುವುದರಿಂದ ಒಂದೇ ವ್ಯಾಗನ್ ನಮ್ಮ ಕೈಗೆ ಎರಡನೆಯ ಸಲ ಸಿಗುವುದು ಅಪರೂಪ. ನಮ್ಮ ನಾಲ್ಕು ಘಟನೆಗಳಲ್ಲಿ ನಾಲ್ಕು ನಂಬರುಗಳಿದ್ದವು, ಜಾಗ ಒಂದೇ: ಮೂರನೆಯ ಪಾಯಿಂಟಿನ ಎಡ ಟಂಗ್ ರೈಲು (ದಾರಿ ಬದಲಿಸಲು ಆಚೀಚೆ ಸರಿಯುವ ಚೂಪು ತುದಿಯ ಹಳಿ), ತುದಿಯಿಂದ ಒಂದೂವರೆ ಅಡಿಯೊಳಗೆ.

ದಿಕ್ಕು ಮತ್ತು ಹೊರೆ: ಎರಡನ್ನೂ ಬಿಡಿಸಿ ನೋಡುವುದು

ಖಾಲಿ ವ್ಯಾಗನ್ ತಪ್ಪಿತು, ತುಂಬಿದ್ದು ತಪ್ಪಲಿಲ್ಲ ಎಂದ ಮಾತ್ರಕ್ಕೆ ಹೊರೆಯೇ ಕಾರಣವೆಂದು ತೀರ್ಮಾನಿಸಬಾರದು. ಹೆಚ್ಚಿನ ಸೈಡಿಂಗ್‌ಗಳಲ್ಲಿ ತುಂಬಿದ್ದು ಒಂದು ದಿಕ್ಕಿಗೆ, ಖಾಲಿ ಇನ್ನೊಂದು ದಿಕ್ಕಿಗೆ ಹೋಗುತ್ತವೆ. ನಮ್ಮ ಮೂರನೆಯ ಪಾಯಿಂಟ್ ಖಾಲಿ ರೇಕ್ ಕೂಡಿಸುವ ಎರಡು ಲೈನ್‌ಗಳ ಬಾಯಿಯಲ್ಲಿದೆ. ಒಳಗೆ ಬರುವ ತುಂಬಿದ ವ್ಯಾಗನ್‌ಗಳು ಅದನ್ನು ಹಿಂದಿನಿಂದ, ಅಂದರೆ ಎರಡು ಲೈನ್‌ಗಳ ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್ ಕಡೆಯಿಂದ ಟಂಗ್ ರೈಲಿನ ತುದಿಯ ಕಡೆಗೆ ದಾಟುತ್ತವೆ. ಹಾಗೆ ದಾಟುವಾಗ ಟಂಗ್ ರೈಲನ್ನು ಏರುವ ಪ್ರಶ್ನೆಯೇ ಬರುವುದಿಲ್ಲ. ಹೊರಗೆ ಹೋಗುವ ಖಾಲಿಗಳು ತುದಿಗೆ ಎದುರಾಗಿ ಬರುತ್ತವೆ. ಆದ್ದರಿಂದ ತುಂಬಿದ ವ್ಯಾಗನ್ ತುದಿಗೆ ಎದುರಾಗಿ ಹೋದ ಸಂದರ್ಭ ಯಾವುದಾದರೂ ಇದೆಯೇ ಎಂದು ವಿಚಾರಿಸಬೇಕು. ನಮ್ಮಲ್ಲಿ ತೇವಾಂಶ ಹೆಚ್ಚಾಗಿ ತಿರಸ್ಕೃತವಾದ ಮಾಲಿನ ಆರು ವ್ಯಾಗನ್‌ಗಳನ್ನು ಒಮ್ಮೆ ತುಂಬಿದಂತೆಯೇ ಅದೇ ದಾರಿಯಲ್ಲಿ ಹೊರಗೆ ತಳ್ಳಿದ್ದರು, ಒಂದೂ ತಪ್ಪಿರಲಿಲ್ಲ. ಆ ಒಂದು ದಾಖಲೆ ಇಲ್ಲದಿದ್ದರೆ ನಾವು ಟಂಗ್ ರೈಲನ್ನು ಬದಲಿಸಿ ಸುಮ್ಮನಾಗುತ್ತಿದ್ದೆವು.

ಆದರೂ ಟಂಗ್ ರೈಲನ್ನು ನೋಡದೆ ಮುಂದೆ ಹೋಗುವಂತಿಲ್ಲ.

ಪಾಯಿಂಟಿನ ಪರೀಕ್ಷೆ

ಮುಚ್ಚಿದ ಟಂಗ್ ರೈಲು ಸ್ಟಾಕ್ ರೈಲಿಗೆ, ಅಂದರೆ ಪಕ್ಕದ ಸರಿಯದ ಹಳಿಗೆ, ಪೂರ್ತಿ ಕೂತಿರಬೇಕು. ಕಣ್ಣಿಗೆ ಕೂತಂತೆ ಕಂಡರೆ ಸಾಲದು. ತುದಿಯಿಂದ 150 ಮಿಮೀ ದೂರದಲ್ಲಿ 5 ಮಿಮೀ ದಪ್ಪದ ಉಕ್ಕಿನ ಪಟ್ಟಿಯನ್ನು ಇಟ್ಟು ಲಿವರ್ ಎಳೆದಾಗ ಪಾಯಿಂಟ್ ಲಾಕ್ ಆಗಬಾರದು. ರೈಲ್ವೆಯಲ್ಲಿ ಪಾಯಿಂಟ್ ಮೆಷಿನ್‌ಗಳಿಗೆ ಮಾಡುವ ಪರೀಕ್ಷೆ ಇದು. ಕೈ ಲಿವರ್ ಇರುವ ಸೈಡಿಂಗ್‌ನಲ್ಲಿ ಲಾಕ್ ಎಂದರೆ ಕ್ಲಾಂಪ್ ಮತ್ತು ಬೀಗ. ಪಟ್ಟಿ ಇಟ್ಟಾಗಲೂ ಕ್ಲಾಂಪ್ ಬಿಗಿಯುವುದಾದರೆ ಆ ಕ್ಲಾಂಪ್ ಸವೆದಿದೆ, ಅದನ್ನು ನಂಬಿ ವ್ಯಾಗನ್ ಬಿಡಬಾರದು.

ಪಾಯಿಂಟ್ ಪೂರ್ತಿ ಮುಚ್ಚದಿರಲು ಕಾರ್ಖಾನೆಯಲ್ಲಿ ಸಾಮಾನ್ಯ ಕಾರಣ ಧೂಳು. ಮಾಲಿನ ಪುಡಿ ಟಂಗ್ ರೈಲು ಸರಿಯುವ ಸ್ಲೈಡ್ ಚೇರ್‌ಗಳ ಮೇಲೆ ಕೂತು, ಹಚ್ಚಿದ ಎಣ್ಣೆಯನ್ನು ಹೀರಿ, ಮೊದಲ ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಚಾಕುವಿನಿಂದ ಕೆರೆದರೆ ಬೆರಳ ಉಗುರಿನಷ್ಟು ದಪ್ಪದ ಕಪ್ಪು ಬಿಲ್ಲೆಗಳು ಎದ್ದು ಬರುತ್ತವೆ. ಅಂಥ ಒಂದು ಬಿಲ್ಲೆ ಸ್ಟಾಕ್ ರೈಲು ಮತ್ತು ಟಂಗ್ ರೈಲಿನ ನಡುವೆ ಸಿಕ್ಕರೆ ಸಾಕು. ಎಣ್ಣೆಯ ಬದಲು ಒಣ ಗ್ರಾಫೈಟ್ ಪುಡಿ ಹಚ್ಚಿದರೆ ಧೂಳು ಅಂಟುವುದು ಕಡಿಮೆಯಾಗುತ್ತದೆ. ಇದು ಚಿಕ್ಕ ಬದಲಾವಣೆ, ಆದರೆ ಧೂಳಿನ ಕಾರ್ಖಾನೆಗಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಎರಡನೆಯ ಕಾರಣವನ್ನು ಯಾರೂ ತಾವಾಗಿ ಹೇಳುವುದಿಲ್ಲ. ತನಗೆ ವಿರುದ್ಧವಾಗಿ ಹಾಕಿದ ಪಾಯಿಂಟನ್ನು ವ್ಯಾಗನ್ ಹಿಂದಿನಿಂದ ದಾಟಿದರೆ ಗಾಲಿಗಳೇ ಟಂಗ್ ರೈಲನ್ನು ಸರಿಸಿಕೊಂಡು ಹೋಗುತ್ತವೆ. ಇದನ್ನೇ ಪಾಯಿಂಟ್ ಬರ್ಸ್ಟ್ ಆಯಿತು ಎನ್ನುವುದು. ಆ ಹೊತ್ತಿಗೆ ಏನೂ ಆದಂತೆ ಕಾಣುವುದಿಲ್ಲ. ಆದರೆ ಎರಡು ಟಂಗ್ ರೈಲುಗಳನ್ನು ಕಟ್ಟಿರುವ ಸ್ಟ್ರೆಚರ್ ಬಾರ್ ಬಾಗಿರುತ್ತದೆ, ಮುಂದಿನ ದಿನಗಳಲ್ಲಿ ಲಿವರ್ ಪೂರ್ತಿ ಬಿದ್ದರೂ ತುದಿ ಬಾಯಿ ಬಿಟ್ಟುಕೊಂಡಿರುತ್ತದೆ. ಅದೇ ವ್ಯಾಗನ್ನನ್ನು ಅರ್ಧ ದಾಟಿಸಿ ಹಿಂದಕ್ಕೆ ತಳ್ಳಿದರಂತೂ ಒಂದು ಬೋಗಿ ಒಂದು ಲೈನಿಗೆ, ಇನ್ನೊಂದು ಬೋಗಿ ಇನ್ನೊಂದು ಲೈನಿಗೆ ಹೋಗುತ್ತದೆ. ಆದ್ದರಿಂದ ಸ್ಟ್ರೆಚರ್ ಬಾರ್‌ಗೆ ದಾರ ಹಿಡಿದು ನೇರವಿದೆಯೇ ನೋಡಬೇಕು, ಬೋಲ್ಟಿನ ತೂತುಗಳು ಉದ್ದವಾಗಿವೆಯೇ ನೋಡಬೇಕು. ಬರ್ಸ್ಟ್ ಆದದ್ದನ್ನು ಹೇಳಿದವನಿಗೆ ಶಿಕ್ಷೆ ಕೊಡುವ ಕಾರ್ಖಾನೆಯಲ್ಲಿ ಎರಡನೆಯವನು ಬಾಯಿ ಬಿಡುವುದಿಲ್ಲ, ಮುಂದಿನ ವ್ಯಾಗನ್ ನೆಲದಲ್ಲಿರುತ್ತದೆ. ಸೈಡಿಂಗ್ ನಡೆಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತೆರೆದ ಟಂಗ್ ರೈಲಿನ ತುದಿಯಲ್ಲಿ ಅಂತರ 95 ಮಿಮೀಗಿಂತ ಕಡಿಮೆ ಇರಬಾರದು. ಹೊಸ ಕೆಲಸಕ್ಕೆ 115 ಮಿಮೀ ಇಡುತ್ತಾರೆ. ಟಂಗ್ ರೈಲಿನ ತುದಿಯಿಂದ 1000 ಮಿಮೀ ಒಳಗೆ ಚಕ್ಕೆ ಎದ್ದ ಭಾಗಗಳ ಒಟ್ಟು ಉದ್ದ 200 ಮಿಮೀ ಆದರೆ ಅದನ್ನು ಬದಲಿಸಬೇಕು ಅಥವಾ ವೆಲ್ಡ್ ಮಾಡಿ ಸರಿಪಡಿಸಬೇಕು. ಚಕ್ಕೆ ಎದ್ದ ಜಾಗ ಫ್ಲೇಂಜಿಗೆ ಮೆಟ್ಟಿಲಾಗುತ್ತದೆ. ನಮ್ಮಲ್ಲಿ ಅಂಗೈಯಷ್ಟು ಉದ್ದದ ಒಂದು ಚಕ್ಕೆ ಇತ್ತು, ಮಿತಿಯ ಒಳಗೇ ಇತ್ತು. ಅದು ಸಹಾಯ ಮಾಡಿರಬಹುದು, ಮೂಲ ಕಾರಣವಾಗಿರಲಿಲ್ಲ.

ಕ್ರಾಸಿಂಗ್ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಏರಿದ ಗುರುತು ಟಂಗ್ ರೈಲಿನಲ್ಲಿದ್ದಾಗ ಕ್ರಾಸಿಂಗ್ ತಪ್ಪಿತಸ್ಥನಲ್ಲ. ಗುರುತು ಕ್ರಾಸಿಂಗಿನ ಮೂಗಿನ ಹತ್ತಿರವಿದ್ದರೆ ಮಾತ್ರ ಎದುರಿನ ಚೆಕ್ ರೈಲಿಗೂ (ಗಾಲಿಯನ್ನು ಮೂಗಿನಿಂದ ದೂರ ಹಿಡಿಯುವ ಒಳಹಳಿಗೂ) ಅದರ ಪಕ್ಕದ ಹಳಿಗೂ ಇರುವ ಅಂತರವನ್ನು ಅಳೆಯಬೇಕು. 1676 ಮಿಮೀ ಗೇಜಿನ ಟರ್ನ್‌ಔಟಿನಲ್ಲಿ (ಟಂಗ್ ರೈಲಿನಿಂದ ಕ್ರಾಸಿಂಗ್‌ವರೆಗಿನ ಇಡೀ ಕವಲಿನಲ್ಲಿ) ಅದು 44ರಿಂದ 48 ಮಿಮೀ ಇರಬೇಕು. ಸವೆದು 55 ಮಿಮೀ ಆಗಿದ್ದರೆ ಚೆಕ್ ರೈಲಿನಿಂದ ಮೂಗಿಗೆ ಉಳಿಯುವುದು 1621 ಮಿಮೀ. 28 ಮಿಮೀ ಫ್ಲೇಂಜ್ ಇರುವ ಒಳ್ಳೆಯ ಗಾಲಿಗೆ ಬೇಕಾದದ್ದು 1628 ಮಿಮೀ. ಹೀಗಾಗಿ ಅಂಥ ಕಡೆ ಹೊಸ ಗಾಲಿಯೇ ಮೂಗಿಗೆ ಬಡಿಯುತ್ತದೆ, ಸವೆದ ಗಾಲಿ ಪಾರಾಗುತ್ತದೆ.

ಹೊರೆಯ ಕೆಳಗಿನ ಅಳತೆ

ಸೊನ್ನೆ ಬರೆದ ಜಾಗದಿಂದ ವ್ಯಾಗನ್ ಬಂದ ದಿಕ್ಕಿಗೆ ಕನಿಷ್ಠ 45 ಮೀಟರ್ ವರೆಗೆ, ಪ್ರತಿ 3 ಮೀಟರಿಗೆ ಒಂದು ಗುರುತು ಹಾಕಿ, ಗೇಜನ್ನೂ ಅಡ್ಡಮಟ್ಟವನ್ನೂ ಅಳೆದು ಬರೆದುಕೊಳ್ಳಬೇಕು. ಅಡ್ಡಮಟ್ಟವೆಂದರೆ ಎಡ ಹಳಿಗೂ ಬಲ ಹಳಿಗೂ ಇರುವ ಎತ್ತರದ ವ್ಯತ್ಯಾಸ. ಒಂದು ಗುರುತಿನ ಅಡ್ಡಮಟ್ಟಕ್ಕೂ ಮುಂದಿನ ಗುರುತಿನ ಅಡ್ಡಮಟ್ಟಕ್ಕೂ ಇರುವ ವ್ಯತ್ಯಾಸವೇ ತಿರುಚು, ಯಾರ್ಡಿನ ಭಾಷೆಯಲ್ಲಿ ಟ್ವಿಸ್ಟ್. ಹಳಿ ಇಡೀ ಉದ್ದಕ್ಕೂ ಒಂದೇ ಸಮನೆ ಎಡಕ್ಕೆ ವಾಲಿದ್ದರೆ ನಿಧಾನವಾಗಿ ಹೋಗುವ ವ್ಯಾಗನ್ನಿಗೆ ಅಷ್ಟು ಅಪಾಯವಿಲ್ಲ. ಮೂರು ಮೀಟರಿನಲ್ಲಿ ವಾಲುವಿಕೆ ಬದಲಾದರೆ ಅಪಾಯ. ಬಡಗಿ ಮಾಡಿದ ಮಂಚವನ್ನು ಏರುಪೇರಾದ ನೆಲದಲ್ಲಿ ಇಟ್ಟಂತೆ, ವ್ಯಾಗನ್ನಿನ ನಾಲ್ಕು ಮೂಲೆಗಳಲ್ಲಿ ಒಂದು ಮೂಲೆ ಭಾರ ಕಳೆದುಕೊಳ್ಳುತ್ತದೆ.

ಮೊದಲ ಮೂರು ಬಾರಿಯೂ ಈ ಅಳತೆ ಆಗಿತ್ತು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ಸಲ ಗೇಜ್-ಲೆವೆಲ್ ಹಿಡಿದು ಕುಳಿತಿದ್ದಾಗ, ಗ್ಯಾಂಗಿನ ಹಿರಿಯ ಹನಿ ಹನಿಯಾಗಿ ನೀರು ಜಿನುಗುತ್ತಿದ್ದ ಒಂದು ಸ್ಲೀಪರನ್ನು ಹಾರೆಯ ಹಿಂಬದಿಯಿಂದ ತಟ್ಟಿ, "ಸಾಹೇಬ್ರ, ಖಾಲಿ ಹಳಿ ನೋಡಿದ್ರ ಎಲ್ಲಾ ಛಲೋನ ಕಾಣತೈತ್ರಿ. ಮ್ಯಾಲ ಗಾಡಿ ನಿಂತಾಗ ನೋಡ್ರಿ" ಎಂದ. ತಟ್ಟಿದಾಗ ಬಂದ ಸದ್ದು ಪೊಳ್ಳಾಗಿತ್ತು. ಪಕ್ಕದ ಸ್ಲೀಪರ್ ತಟ್ಟಿದರೆ ಗಟ್ಟಿ ಸದ್ದು. ಪೊಳ್ಳು ಸದ್ದಿನ ಸ್ಲೀಪರ್ ಕೆಳಗೆ ಜಲ್ಲಿ ಇರಲಿಲ್ಲ. ಹಳಿಯೇ ಅದನ್ನು ಎತ್ತಿ ಹಿಡಿದಿತ್ತು. ಹೀಗೆ ಹಳಿಗೆ ಜೋತುಬಿದ್ದ ಸ್ಲೀಪರ್‌ಗಳ ಮೇಲೆ ಅಳೆದ ಮಟ್ಟವು ಹಳಿ ಸುಮ್ಮನೆ ಬಿದ್ದಿದ್ದಾಗಿನ ಆಕಾರವನ್ನು ಹೇಳುತ್ತದೆಯೇ ಹೊರತು, ಗಾಲಿ ಬಂದಾಗಿನ ಆಕಾರವನ್ನಲ್ಲ.

ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಾಗಿಲ್ಲ. ಸ್ಲೀಪರ್‌ಗಳ ನಡುವಿನ ಜಲ್ಲಿಯಲ್ಲಿ, ಹಳಿಯ ಪಾದದ ಸರಿಯಾಗಿ ಕೆಳಗೆ, ಒಂದು ಮೊಳದ ಕಬ್ಬಿಣದ ಗೂಟವನ್ನು ಅದರ ತಲೆಯು ಪಾದದ ತಳಕ್ಕೆ ತಾಗುವಂತೆ ನೆಡಬೇಕು. ಗಾಲಿ ದಾಟುವಾಗ ಹಳಿ ಕುಸಿದು ಗೂಟವನ್ನು ಕೆಳಗೆ ಒತ್ತುತ್ತದೆ; ಗಾಲಿ ಹೋದ ಮೇಲೆ ಹಳಿ ಮೇಲೆ ಬರುತ್ತದೆ, ಗೂಟ ಅಲ್ಲೇ ಉಳಿಯುತ್ತದೆ. ನಡುವಿನ ಸಂದಿಗೆ ಫೀಲರ್ ಗೇಜ್ ಅಥವಾ ಲೆಕ್ಕದ ತಗಡುಗಳನ್ನು ತೂರಿಸಿ ನೋಡಿದರೆ ಆ ಜಾಗ ಎಷ್ಟು ಕುಸಿಯಿತೆಂದು ತಿಳಿಯುತ್ತದೆ. ಎಡ ಹಳಿಗೂ ಬಲ ಹಳಿಗೂ, ಪ್ರತಿ ಗುರುತಿಗೂ ಒಂದೊಂದು ಗೂಟ ಹಾಕಿ, ಕುಸಿತವನ್ನು ಮೊದಲಿನ ಅಡ್ಡಮಟ್ಟಕ್ಕೆ ಕೂಡಿಸಿಯೋ ಕಳೆದೋ ಬರೆದರೆ ಹೊರೆಯ ಕೆಳಗಿನ ತಿರುಚು ಸಿಗುತ್ತದೆ. ಗೂಟವನ್ನು ಮಣ್ಣಿಗೆ ಸಡಿಲವಾಗಿ ನೆಟ್ಟರೆ ಅಳತೆ ಹೆಚ್ಚು ತೋರಿಸುತ್ತದೆ. ಸುತ್ತಿಗೆಯಿಂದ ಬಡಿದೇ ಇಳಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತುಂಬಿದ ವ್ಯಾಗನ್ ಅಥವಾ ಲೋಕೋ ದಾಟಿಸಿ ಅಳೆದರೆ ಹಳಿಯ ಅತಿ ಹೆಚ್ಚಿನ ಕುಸಿತ ತಿಳಿಯುತ್ತದೆ, ಆದರೆ ಹಳಿ ತಪ್ಪುತ್ತಿರುವುದು ಖಾಲಿ ವ್ಯಾಗನ್. ಆದ್ದರಿಂದ ಗೂಟಗಳನ್ನು ಮತ್ತೆ ತಾಗಿಸಿ ನೆಟ್ಟು, ಖಾಲಿ ವ್ಯಾಗನ್ನನ್ನೇ ಮನುಷ್ಯ ನಡೆಯುವ ವೇಗದಲ್ಲಿ ದಾಟಿಸಿ, ಎರಡನೆಯ ಅಳತೆ ತೆಗೆದುಕೊಳ್ಳಬೇಕು. ನಮ್ಮ ಪಾಯಿಂಟಿನ ತುದಿಯ ಹತ್ತಿರ ಅಕ್ಕಪಕ್ಕದ ಎರಡು ಗುರುತುಗಳ ನಡುವೆ ಬರಿ ಹಳಿಯ ತಿರುಚು 5 ಮಿಮೀ ಇತ್ತು. ಖಾಲಿ ವ್ಯಾಗನ್ ಕೆಳಗೆ ಅದು 14 ಮಿಮೀ, ತುಂಬಿದ್ದರ ಕೆಳಗೆ 21 ಮಿಮೀ. ಟಂಗ್ ರೈಲಿನ ತುದಿಗೆ ಸ್ವಲ್ಪ ಮೊದಲು ಸ್ಟಾಕ್ ರೈಲಿನ ಫಿಶ್‌ಪ್ಲೇಟ್ (ಎರಡು ಹಳಿಗಳ ತುದಿಗಳನ್ನು ಬೋಲ್ಟಿನಿಂದ ಕೂಡಿಸುವ ಪಟ್ಟಿ) ಜೋಡಣೆಯಿತ್ತು, ಅದರ ಎರಡು ಬೋಲ್ಟು ಸಡಿಲವಾಗಿದ್ದವು. ಅಖಂಡ ಹಳಿಯಾಗಿದ್ದರೆ ಖಾಲಿ ವ್ಯಾಗನ್ನಿನ ಭಾರಕ್ಕೆ ಅದು ಅಷ್ಟು ಬಾಗುತ್ತಿರಲಿಲ್ಲ. ಸಡಿಲ ಜೋಡಣೆಯಲ್ಲಿ ಹಳಿಯ ತುದಿಗಳು ಹಲಗೆಯ ತುದಿಯಂತೆ ಕೆಳಗಿಳಿಯುತ್ತಿದ್ದವು.

ತಿರುಚು ತುಂಬಿದ್ದರ ಕೆಳಗೆ ಇನ್ನೂ ಹೆಚ್ಚಿದ್ದರೂ ತುಂಬಿದ ವ್ಯಾಗನ್ ಏಕೆ ತಪ್ಪಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಭಾರದಲ್ಲಿದೆ. ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನಿನ ಖಾಲಿ ತೂಕ ಸುಮಾರು 22.5 ಟನ್, ಎಂಟು ಗಾಲಿಗಳಿಗೆ ಹಂಚಿದರೆ ಗಾಲಿಗೆ 2.8 ಟನ್. ತುಂಬಿದಾಗ ಆಕ್ಸಲ್ ಭಾರ 20.32 ಟನ್, ಅಂದರೆ ಗಾಲಿಗೆ ಹತ್ತು ಟನ್ನಿಗೂ ಮೀರಿ. ತಿರುಚಿನಿಂದ ಒಂದು ಗಾಲಿ ಒಂದೂವರೆ ಟನ್ ಕಳೆದುಕೊಂಡರೆ ತುಂಬಿದ ವ್ಯಾಗನ್ನಿಗೆ ಅದು ಗಮನಕ್ಕೂ ಬಾರದು, ಖಾಲಿ ವ್ಯಾಗನ್ನಿನ ಗಾಲಿಯಲ್ಲಿ ಉಳಿಯುವುದೇ ಅರ್ಧ. ಗಾಲಿ ಹಳಿಯನ್ನು ಏರುವುದು ಅಡ್ಡ ಒತ್ತಡಕ್ಕೂ ಮೇಲಿನ ಭಾರಕ್ಕೂ ಇರುವ ಅನುಪಾತದಿಂದ. ನಾಡಾಲ್ ಎಂಬ ಫ್ರೆಂಚ್ ಎಂಜಿನಿಯರ್ ಹೆಸರಿನ ಸೂತ್ರ ಹೇಳುವುದೂ ಇದನ್ನೇ: ಫ್ಲೇಂಜ್ ಕಡಿದಾಗಿದ್ದಷ್ಟೂ ಏರುವುದು ಕಷ್ಟ, ಫ್ಲೇಂಜಿಗೂ ಹಳಿಗೂ ಘರ್ಷಣೆ ಹೆಚ್ಚಿದಷ್ಟೂ ಏರುವುದು ಸುಲಭ. ನಮ್ಮ ನಾಲ್ಕು ಘಟನೆಗಳೂ ಮಳೆ ಬರುತ್ತಿದ್ದಾಗ ಆಗಿರಲಿಲ್ಲ. ಮಳೆ ನಿಂತು ಎರಡು ದಿನಕ್ಕೆ, ಹಳಿ ಒಣಗಿ ಕೀರಲು ಸದ್ದು ಮಾಡುತ್ತಿದ್ದಾಗ ಮತ್ತು ಕೆಳಗಿನ ಮಣ್ಣು ಇನ್ನೂ ಮೆತ್ತಗಿದ್ದಾಗ ಆಗಿದ್ದವು. ಒದ್ದೆ ಹಳಿ ಜಾರುವುದರಿಂದ ಗಾಲಿ ಏರುವುದು ಕಷ್ಟ ಎಂಬುದನ್ನು ಆ ನೋಟ್‌ಬುಕ್ಕಿನ ಒಂದು ಕಾಲಮ್ ತೋರಿಸಿತು.

ಎರೆಮಣ್ಣಿನ ಪಾಲು

ಈ ಭಾಗದ ಸೈಡಿಂಗ್ ಯಾವುದೇ ಇರಲಿ, ಎರೆಮಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳಿಯ ದೋಷ ಹುಡುಕಲಾಗದು. ಅಣ್ಣಿಗೇರಿ, ನವಲಗುಂದ, ಗದಗಿನ ಹೊಲಗಳಲ್ಲಿ ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲವೇ ಮುಂಗಾರಿನಲ್ಲಿ ನೀರು ಕುಡಿದು ಉಬ್ಬುತ್ತದೆ. ಹಿಂಗಾರಿ ಜೋಳಕ್ಕೂ ಕಡಲೆಗೂ ಈ ಗುಣವೇ ವರ, ಹಳಿಯ ಕೆಳಗೆ ಅದೇ ಗುಣ ತೊಡಕು. ಉಬ್ಬಿದ ಮಣ್ಣು ಗಾಲಿಯ ಒತ್ತಡಕ್ಕೆ ಕೆಸರಾಗಿ ಜಲ್ಲಿಯ ಸಂದುಗಳಲ್ಲಿ ಮೇಲೇರುತ್ತದೆ, ಜಲ್ಲಿಯ ಕಲ್ಲುಗಳು ಕೆಳಗಿಳಿಯುತ್ತವೆ, ಸ್ಲೀಪರ್ ಸುತ್ತ ಬೂದು-ಕಪ್ಪು ರಾಡಿ ಚಿಮ್ಮಿದ ಗುರುತು ಉಳಿಯುತ್ತದೆ. ಆ ಚಿಮ್ಮಿದ ಗುರುತು ಕಂಡ ಕಡೆ ಸ್ಲೀಪರ್ ಪೊಳ್ಳಾಗಿದೆ ಎಂದೇ ತಿಳಿಯಬೇಕು.

ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಈ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಮೀಟರ್ ಗೇಜಿನಲ್ಲಿ ಹಾಕಿತ್ತು, ಬ್ರಾಡ್ ಗೇಜ್ ಬಂದದ್ದು 1990ರ ದಶಕದಲ್ಲಿ. ನಮ್ಮ ಸೈಡಿಂಗ್‌ನ ಒಂದು ತುಂಡು ಮೀಟರ್ ಗೇಜ್ ಕಾಲದ ಏರಿಯ ಮೇಲೆಯೇ ಇದೆ. ಬ್ರಾಡ್ ಗೇಜಿನ ಸ್ಲೀಪರ್ ಎರಡೂಮುಕ್ಕಾಲು ಮೀಟರ್ ಉದ್ದ. ಮೀಟರ್ ಗೇಜಿನದು ಎರಡು ಮೀಟರಿಗೂ ಕಡಿಮೆ. ಹಳೆಯ ಏರಿಯ ಮೇಲೆ ಉದ್ದ ಸ್ಲೀಪರ್ ಹಾಕಿದಾಗ ಎರಡೂ ತುದಿಗಳ ಹೊರಗೆ ಜಲ್ಲಿ ನಿಲ್ಲಲು ಜಾಗ ಉಳಿಯುವುದಿಲ್ಲ, ಪ್ರತಿ ಮಳೆಗಾಲ ಅದು ಇಳಿಜಾರಿನಲ್ಲಿ ಜಾರುತ್ತದೆ. ಗ್ಯಾಂಗಿನವರು ಬೀಟರ್‌ನಿಂದ ಸ್ಲೀಪರ್ ಕೆಳಗೆ ಜಲ್ಲಿ ಬಡಿದು ಎಷ್ಟು ಪ್ಯಾಕ್ ಮಾಡಿದರೂ ಹದಿನೈದು ದಿನಕ್ಕೆ ಮೊದಲಿನಂತಾಗುತ್ತಿದ್ದುದಕ್ಕೆ ಕಾರಣ ಅವರ ಸೋಮಾರಿತನವಲ್ಲ.

ಮೂರನೆಯ ಪಾಯಿಂಟಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂಬುದು ಕೊನೆಗೆ ಸಿಕ್ಕಿತು. ಪಾಯಿಂಟಿಗೆ ಹತ್ತು ಮೀಟರ್ ಮೊದಲು ಲಾರಿಗಳು ಹಳಿ ದಾಟುವ ಕಾಂಕ್ರೀಟ್ ರಸ್ತೆಯಿದೆ. ರಸ್ತೆಯನ್ನು ಎರಡು ವರ್ಷದ ಹಿಂದೆ ಎತ್ತರಿಸಿದಾಗ ಅದರ ಇಳಿಜಾರು ಹಳಿಯ ಎಡಗಡೆಗೆ ತಿರುಗಿತ್ತು, ಲಾರಿ ತೊಳೆದ ನೀರೂ ಮಳೆಯ ನೀರೂ ನೇರವಾಗಿ ಟಂಗ್ ರೈಲಿನ ತುದಿಗೆ ಬರುತ್ತಿದ್ದವು. ಸ್ಟ್ರೆಚರ್ ಬಾರ್ ಓಡಾಡಲು ಅಲ್ಲಿನ ಸಂದಿಯಲ್ಲಿ ಜಲ್ಲಿಯನ್ನು ಕಡಿಮೆ ಇಟ್ಟಿರುವುದರಿಂದ ಆ ಗುಂಡಿಯೇ ನೀರಿಗೆ ತೊಟ್ಟಿಯಾಯಿತು.

ವ್ಯಾಗನ್ ಮತ್ತು ತಳ್ಳುವ ರೀತಿ

ಹಳಿಯಲ್ಲಿ ಕಾರಣ ಸಿಕ್ಕಿತೆಂದು ವ್ಯಾಗನ್ನನ್ನು ಬಿಡಬಾರದು. ಹಳಿಯ ದೋಷವನ್ನು ಹತ್ತು ವ್ಯಾಗನ್‌ಗಳು ತಡೆದುಕೊಂಡು ಹನ್ನೊಂದನೆಯದು ಏಕೆ ತಡೆಯಲಿಲ್ಲ ಎಂಬುದಕ್ಕೂ ಉತ್ತರ ಬೇಕು. ತಪ್ಪಿದ ಜೋಡಿ ಗಾಲಿಗಳ ಒಳ ಅಂತರವನ್ನು ಸುತ್ತಳತೆಯ ಮೂರು ಕಡೆ ಅಳೆಯಬೇಕು; 1600 ಮಿಮೀಗೆ 2 ಮಿಮೀ ಹೆಚ್ಚು ಅಥವಾ 1 ಮಿಮೀ ಕಡಿಮೆಯವರೆಗೆ ಸರಿ. ಫ್ಲೇಂಜಿನ ತುದಿಯಿಂದ 13 ಮಿಮೀ ಕೆಳಗೆ ದಪ್ಪ 16 ಮಿಮೀಗಿಂತ ಕಡಿಮೆಯಿದ್ದರೆ ಅದು ತೆಳು ಫ್ಲೇಂಜ್. ತುದಿಯ ದುಂಡಗು 5 ಮಿಮೀ ತ್ರಿಜ್ಯಕ್ಕಿಂತ ಕಡಿಮೆಯಾದರೆ ಚೂಪು ಫ್ಲೇಂಜ್, ಬಾಯಿಬಿಟ್ಟ ಟಂಗ್ ರೈಲಿನ ತುದಿಯನ್ನು ಸೀಳಿಕೊಂಡು ಹೋಗುವುದು ಇಂಥದೇ. ಬೋಗಿಯ ಸ್ಪ್ರಿಂಗ್‌ಗಳನ್ನು ಎಣಿಸಿ ನೋಡಬೇಕು. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಮುರಿದಿದ್ದರೆ ಆ ವ್ಯಾಗನ್ ತನ್ನ ತಿರುಚನ್ನು ತಾನೇ ಹೊತ್ತು ತಂದಿರುತ್ತದೆ. ಖಾಲಿ ಎಂದುಕೊಂಡ ವ್ಯಾಗನ್ನಿನ ಒಂದು ಮೂಲೆಯಲ್ಲಿ ಇಳಿಸದೆ ಉಳಿದ ಮಾಲು ಅಂಟಿಕೊಂಡಿದೆಯೇ ಎಂದು ಒಳಗೆ ಹತ್ತಿ ನೋಡುವುದನ್ನು ಮರೆಯಬಾರದು. ನಮ್ಮ ನಾಲ್ಕನೆಯ ವ್ಯಾಗನ್ನಿನ ಬಲ ಹಿಂಬದಿಯ ಮೂಲೆಯಲ್ಲಿ ಒದ್ದೆಯಾಗಿ ಅಂಟಿದ್ದ ಮಾಲು ಇತ್ತು. ಅದು ಎದುರು ಮೂಲೆಯ, ಅಂದರೆ ಎಡ ಮುಂಬದಿಯ ಗಾಲಿಯ ಭಾರವನ್ನು ಇನ್ನಷ್ಟು ಹಗುರ ಮಾಡಿತ್ತು.

ತಳ್ಳುವ ವಿಷಯದಲ್ಲಿ ಎರಡೇ ಮಾತು. ಶಂಟಿಂಗ್‌ನಲ್ಲಿ ಗಂಟೆಗೆ 15 ಕಿಮೀ ಎಂಬುದು ಗರಿಷ್ಠ ಮಿತಿ, ಗುರಿಯಲ್ಲ. ಉದ್ದನೆಯ ಖಾಲಿ ಸಾಲನ್ನು ಲೋಕೋ ಹಿಂದಿನಿಂದ ಝಾಡಿಸಿ ತಳ್ಳಿದಾಗ ತಿರುವಿನಲ್ಲಿ ಕಪ್ಲಿಂಗ್‌ಗಳು ಓರೆಯಾಗಿ ಒತ್ತಿ ನಡುವಿನ ಹಗುರ ವ್ಯಾಗನ್‌ಗಳನ್ನು ಹೊರಗೆ ನೂಕುತ್ತವೆ. ಪಾಯಿಂಟ್ ಸರಿಯಾಗುವವರೆಗೆ ಹನ್ನೆರಡರ ಬದಲು ಆರಾರು ತಳ್ಳುವುದು ತಾತ್ಕಾಲಿಕ ಉಪಾಯವಾಗಿ ನಮಗೆ ನೆರವಾಯಿತು.

ದುರಸ್ತಿ ಮತ್ತು ಒಪ್ಪಿಗೆ

ಮೊದಲು ನೀರು, ಆಮೇಲೆ ಜಲ್ಲಿ. ರಸ್ತೆಯ ಅಂಚಿಗೆ ಅಡ್ಡ ಚರಂಡಿ ತೋಡಿ ನೀರನ್ನು ಹಳಿಯಿಂದ ದೂರ ಹರಿಸುವ ಮೊದಲು ಪ್ಯಾಕಿಂಗ್‌ಗೆ ಕೈ ಹಾಕಿದರೆ ಆ ಕೂಲಿ ವ್ಯರ್ಥ. ಚರಂಡಿಯಾದ ಮೇಲೆ ಪಾಯಿಂಟಿನ ಉದ್ದಕ್ಕೂ ರಾಡಿಯಾದ ಜಲ್ಲಿಯನ್ನು ಸ್ಲೀಪರ್ ತಳಕ್ಕಿಂತ ಒಂದು ಗೇಣು ಆಳದವರೆಗೆ ತೆಗೆದು, ಕೆಳಗಿನ ಕಪ್ಪು ಮಣ್ಣಿನ ಮೇಲೆ ಮೊರಮಿನ ಪದರ ಹಾಸಿ ಗಟ್ಟಿಸಿ, ಅದರ ಮೇಲೆ ತೊಳೆದ ಹೊಸ ಜಲ್ಲಿ ತುಂಬಿದೆವು. ಏರಿಯ ಅಂಚುಗಳನ್ನು ಮೊರಮಿನಿಂದಲೇ ಅಗಲ ಮಾಡಿದೆವು. ಫಿಶ್‌ಪ್ಲೇಟಿನ ನಾಲ್ಕೂ ಬೋಲ್ಟು ಹೊಸವು. ಜೋಡಣೆಯ ಎರಡೂ ಕಡೆಯ ಮೂರು ಮೂರು ಸ್ಲೀಪರ್‌ಗಳನ್ನು ಜಾಕ್‌ನಿಂದ ಎತ್ತಿ, ಹಳಿಯ ಕೆಳಗೆ ನಾಲ್ಕು ದಿಕ್ಕಿನಿಂದಲೂ ಪ್ಯಾಕ್ ಮಾಡಿ, ಲೋಕೋವನ್ನು ಇಪ್ಪತ್ತು ಸಲ ಹಿಂದೆ ಮುಂದೆ ಓಡಿಸಿ ಕೂರಿಸಿದ ಮೇಲೆ ಎರಡನೆಯ ಸಲ ಪ್ಯಾಕ್ ಮಾಡಬೇಕಾಯಿತು. ಮೊದಲ ಪ್ಯಾಕಿಂಗ್‌ಗೇ ತೃಪ್ತಿಪಟ್ಟರೆ ಹೊಸ ಜಲ್ಲಿ ಇಳಿದ ಕೂಡಲೇ ಪೊಳ್ಳು ಮರಳುತ್ತದೆ.

ಒಪ್ಪಿಗೆಯ ಪರೀಕ್ಷೆಗೆ ಅದೇ ಗೂಟಗಳನ್ನು ಬಳಸಬೇಕು. ಖಾಲಿ ವ್ಯಾಗನ್ ದಾಟಿದ ಮೇಲೆ ಯಾವ ಎರಡು ಅಕ್ಕಪಕ್ಕದ ಗುರುತುಗಳ ನಡುವೆಯೂ ತಿರುಚು 6 ಮಿಮೀ ಮೀರಬಾರದೆಂದು ನಾವು ನಮಗಾಗಿ ಮಿತಿ ಹಾಕಿಕೊಂಡೆವು; ನಮ್ಮ ವೇಗಕ್ಕೆ ಅದು ಸಾಕು. ಆ ದಿನ ಬಂದ ಅಳತೆ 4 ಮಿಮೀ. ಅಲ್ಲಿಗೆ ನೋಟ್‌ಬುಕ್ ಮುಚ್ಚದೆ, ಮುಂದಿನ ಮೊದಲ ದೊಡ್ಡ ಮಳೆ ಬಿದ್ದು, ನಿಂತು, ಹಳಿ ಒಣಗಿದ ಎರಡನೆಯ ದಿನ ಮತ್ತೊಮ್ಮೆ ಗೂಟ ನೆಟ್ಟು ಅಳೆಯಬೇಕು. ನಾವು ಅಳೆದಾಗ ಬಂದದ್ದು 5 ಮಿಮೀ. ಅದನ್ನು ಬರೆದುಕೊಂಡು, ಪಾಯಿಂಟ್ಸ್‌ಮನ್‌ಗೆ ಕೊಟ್ಟಿದ್ದ ಮೂರು ಪತ್ರಗಳನ್ನು ವಾಪಸು ಪಡೆಯುವಂತೆ ಅದೇ ಅಳತೆಯ ಹಾಳೆಗಳನ್ನು ಲಗತ್ತಿಸಿ ಟಿಪ್ಪಣಿ ಕಳುಹಿಸಲಾಯಿತು.